ಗೇರ್ ಟೈಟಾದರೆ ಗ್ರೀಸ್ ಹೊಡೆಯಬೇಡಿ

“ಗೇರ್ ಟೈಟಾಗೈತಿ” ಎಂದು ಹೊಸಪೇಟೆಯ ಯಾವ ಗ್ಯಾರೇಜಿನಲ್ಲಾದರೂ ಹೇಳಿ ನೋಡಿ. ಸಂಡೂರಿನಲ್ಲಿ ಅದಿರು ಲಾರಿ ರಿಪೇರಿ ಮಾಡುವವರಿಗೆ ಹೇಳಿ, ಕಂಪ್ಲಿಯಲ್ಲಿ ಭತ್ತದ ಕಟಾವು ಯಂತ್ರ ನೋಡಿಕೊಳ್ಳುವ ಮೇಸ್ತ್ರಿಗೆ ಹೇಳಿ. ಬರುವ ಉತ್ತರ ಒಂದೇ: “ಗ್ರೀಸ್ ಹೊಡೀರಿ, ಜೋರಾಗಿ ಜಗ್ಗಿ ಹಾಕ್ರಿ, ನಾಕು ದಿನಕ್ಕ ಫ್ರೀ ಆಗ್ತೈತಿ.” ನೆಲದ ಮೇಲೆ ಈ ಮಾತು ಎಷ್ಟೋ ಸಲ ನಿಜವಾಗುತ್ತದೆ. ಆದರೆ ಅದೇ ಮಾತು ಈಗ ನೀರಿಗೂ ಇಳಿದಿದೆ. ಮೋಟಾರು ಬೋಟಿನ ಗೇರ್ ಲಿವರ್ ಬಿಗಿಯಾದಾಗಲೂ ಇದೇ ಮದ್ದು, ಇದೇ ಧೈರ್ಯ. ಬೋಟಿನ ಮಟ್ಟಿಗೆ ಇದು ತಪ್ಪು ಸಲಹೆ, ಜನರನ್ನು ಕೂರಿಸಿಕೊಂಡು ಹೋಗುವ ಬೋಟಿನ ಮಟ್ಟಿಗಂತೂ ಅಪಾಯದ ಸಲಹೆ. ಅದು ಏಕೆ ತಪ್ಪು ಎಂಬುದನ್ನು ಯಂತ್ರದ ಒಳಗಿನಿಂದಲೇ ತೋರಿಸುತ್ತೇನೆ.

ಮೊದಲು ಅಪಾಯದ ಮಾತು. ಲಾರಿಗೆ ಬ್ರೇಕ್ ಇದೆ. ಗೇರ್ ಕೈಕೊಟ್ಟರೂ ಕಾಲಿನ ಕೆಳಗೊಂದು ಪೆಡಲ್ ಉಳಿದಿರುತ್ತದೆ. ಬೋಟಿಗೆ ಬ್ರೇಕ್ ಇಲ್ಲ. ಅದನ್ನು ನಿಲ್ಲಿಸುವುದು ರಿವರ್ಸ್, ನೀರೊಳಗಿನ ಫ್ಯಾನನ್ನು, ಅಂದರೆ ಪ್ರೊಪೆಲ್ಲರನ್ನು, ನಿಲ್ಲಿಸುವುದು ನ್ಯೂಟ್ರಲ್, ಈ ಎರಡನ್ನೂ ಕೊಡುವುದು ಅದೇ ಒಂದು ಲಿವರ್. ಹಂಪಿಯಲ್ಲಿ ವಿರೂಪಾಕ್ಷ ದೇವಸ್ಥಾನದ ಬದಿಯ ಘಟ್ಟವನ್ನು ನೆನಪಿಸಿಕೊಳ್ಳಿ. ಬೆಳಗ್ಗೆ ದೇವಸ್ಥಾನದ ಆನೆ ಲಕ್ಷ್ಮಿ ಮೀಯಲು ಇಳಿಯುವುದು ಅಲ್ಲಿ, ಊರೂರಿನಿಂದ ಬಂದವರು ಮುಳುಗು ಹಾಕುವುದು ಅಲ್ಲಿ. ವಿರೂಪಾಪುರ ಗಡ್ಡೆಯ ಕಡೆಗೆ ಬೋಟು ಬಂದು ಹೋಗುವುದೂ ಅದರ ಆಸುಪಾಸಿನಲ್ಲೇ. ದಡಕ್ಕೆ ನಾಲ್ಕು ಮಾರು ಇರುವಾಗ ಲಿವರ್ ಫಾರ್ವರ್ಡ್‌ನಲ್ಲೇ ಕಚ್ಚಿಕೊಂಡರೆ ಮುಂದಿರುವುದು ಬಂಡೆ, ಮೆಟ್ಟಿಲು, ಸೊಂಟದುದ್ದ ನೀರಿನಲ್ಲಿ ನಿಂತ ಜನ. ಹಿಂದೆ ಫ್ಯಾನ್ ತಿರುಗುತ್ತಲೇ ಇರುತ್ತದೆ. ಇಂಥ ಜಾಗದಲ್ಲಿ “ನಾಕು ದಿನಕ್ಕ ಫ್ರೀ ಆಗ್ತೈತಿ” ಎನ್ನುವವರು ಆ ನಾಲ್ಕು ದಿನ ಬೋಟು ಹತ್ತುವವರ ಬಗ್ಗೆ ಯೋಚಿಸಿರುವುದಿಲ್ಲ.

ಈ ನಂಬಿಕೆ ಎಲ್ಲಿಂದ ಬಂತು ಎಂಬುದನ್ನು ನ್ಯಾಯವಾಗಿ ಹೇಳಬೇಕು, ಏಕೆಂದರೆ ಹೀಗೆ ಹೇಳುವವರು ದಡ್ಡರಲ್ಲ. ಹೊಸಪೇಟೆ, ಸಂಡೂರು ಭಾಗದ ಮೆಕ್ಯಾನಿಕ್‌ಗಳ ಕೈ ಪಳಗಿದ್ದು ಅದಿರು ಲಾರಿಗಳ ಮೇಲೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ತನಕ ಹಗಲೂ ರಾತ್ರಿ ಓಡಿದ ಆ ಲಾರಿಗಳಲ್ಲಿ ಕೀಲು, ಪಿನ್, ರಾಡು ಎಲ್ಲದಕ್ಕೂ ಕೆಂಪು ಧೂಳು ಮೆತ್ತಿಕೊಳ್ಳುತ್ತಿತ್ತು. ಲಾರಿಯ ಗೇರ್ ಜೋಡಣೆಯಲ್ಲಿ ಗ್ರೀಸ್ ಒತ್ತಲೆಂದೇ ನಿಪ್ಪಲ್‌ಗಳಿರುತ್ತವೆ. ಹಳೆಯ ಗ್ರೀಸು ಧೂಳಿನೊಂದಿಗೆ ಹೊರಬರುವ ತನಕ ಹೊಸದನ್ನು ಒತ್ತಿದರೆ ಲಿವರ್ ಹಗುರಾಗುತ್ತದೆ. ಅಲ್ಲಿ ಗ್ರೀಸ್ ಸರಿಯಾದ ಮದ್ದು. ಅಲ್ಲಿನ ಗೇರ್‌ಬಾಕ್ಸಿನೊಳಗೆ ಸಿಂಕ್ರೋಮೆಶ್ ಉಂಟು: ಹಲ್ಲುಗಳು ಕೂಡುವ ಮುನ್ನ ಎರಡರ ವೇಗವನ್ನು ಸಮ ಮಾಡುವ ಹಿತ್ತಾಳೆಯ ಉಂಗುರಗಳು. ಸ್ವಲ್ಪ ಒತ್ತಿ ಹಿಡಿದರೆ ಗೇರ್ ತಾನಾಗಿ ಬೀಳುತ್ತದೆ. ಹಾಗಾಗಿ ಒತ್ತುವುದೂ ಅಲ್ಲಿ ಪೂರ್ತಿ ತಪ್ಪಲ್ಲ. ಲಾರಿಯಿಂದ ಕಲಿತ ಈ ಎರಡು ಪಾಠಗಳನ್ನು ಬೋಟಿಗೆ ಹಾಗೇ ಹೊತ್ತು ತಂದದ್ದು ತಪ್ಪು. ಬೋಟಿನಲ್ಲಿ ಆ ನಿಪ್ಪಲ್ಲೂ ಇಲ್ಲ, ಆ ಹಿತ್ತಾಳೆ ಉಂಗುರವೂ ಇಲ್ಲ.

ಬೋಟಿಗೆ ಎಂಜಿನ್ ಜೋಡಿಸುವ ಬಗೆಗಳಲ್ಲಿ ಒಂದು ಸ್ಟರ್ನ್‌ಡ್ರೈವ್: ಎಂಜಿನ್ ಬೋಟಿನ ಒಳಗೆ, ಫ್ಯಾನ್ ಹೊತ್ತ ಕಾಲು ಹಿಂಬದಿಯ ಗೋಡೆಯ ಹೊರಗೆ. 1959ರಲ್ಲಿ ವೋಲ್ವೊ ಪೆಂಟಾ ತನ್ನ ಅಕ್ವಾಮ್ಯಾಟಿಕ್ ಅನ್ನು ಮಾರುಕಟ್ಟೆಗೆ ತಂದಿತು, ಎರಡು ವರ್ಷದ ಮೇಲೆ ಮರ್ಕ್ರೂಸರ್ ಬಂತು. ನಮ್ಮ ತುಂಗಭದ್ರಾ ಹೊಳೆಯಲ್ಲಿ ಹೆಚ್ಚು ಕಾಣುವುದು ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್. ಆದರೆ ನಾನು ಹೇಳುತ್ತಿರುವ ಕಾಯಿಲೆಯ ಮೂಲ ಚೆನ್ನಾಗಿ ಕಾಣುವುದು ಸ್ಟರ್ನ್‌ಡ್ರೈವಿನಲ್ಲಿ, ಹಾಗಾಗಿ ಅದನ್ನೇ ಹಿಡಿದುಕೊಳ್ಳೋಣ. ಮರ್ಕ್ರೂಸರ್ ಆಲ್ಫಾ ಮಾದರಿಯಲ್ಲಿ ಗೇರ್ ಕೇಬಲ್ ಒಂದಲ್ಲ, ಎರಡು. ಚಾಲಕನ ಲಿವರಿನಿಂದ ಎಂಜಿನ್ ಬಳಿಯ ಶಿಫ್ಟ್ ಪ್ಲೇಟಿಗೆ ಬರುವುದು ಮೇಲಿನ ಕೇಬಲ್. ಅಲ್ಲಿಂದ ಹಿಂಬದಿಯ ಗೋಡೆ ತೂರಿ, ರಬ್ಬರ್ ಕೊಳವೆಯೊಳಗಿಂದ ಹಾದು ಹೊರಗಿನ ಡ್ರೈವಿಗೆ ಇಳಿಯುವುದು ಕೆಳಗಿನ ಕೇಬಲ್. ಈ ಎರಡನೆಯದು ನೀರಿನ ಮಟ್ಟಕ್ಕಿಂತ ಕೆಳಗೆ, ಕಣ್ಣಿಗೆ ಬೀಳದ ಜಾಗದಲ್ಲಿದೆ. ಬಿಗಿ ಗೇರಿನ ದೂರು ಬಂದಾಗ ಬಹುತೇಕ ಕಳ್ಳ ಸಿಗುವುದು ಇಲ್ಲೇ. ಹೊರಕವಚ ಒಂದು ಕಡೆ ಬಿರುಕು ಬಿಡುತ್ತದೆ, ನೀರು ಒಳಗೆ ಇಳಿಯುತ್ತದೆ, ಒಳಗಿನ ತಂತಿ ತುಕ್ಕು ಹಿಡಿದು ಉಬ್ಬುತ್ತದೆ, ಕವಚದೊಳಗೆ ಜಾರಬೇಕಾದ ತಂತಿ ಉಜ್ಜಿಕೊಂಡು ಹೋಗುತ್ತದೆ. ಚಾಲಕನ ಕೈಗೆ ತಿಳಿಯುವುದು ಅದೇ ಉಜ್ಜಾಟ.

ಇದಕ್ಕೆ ಗ್ರೀಸ್ ಏನು ಮಾಡೀತು? ಕೇಬಲ್ಲಿನ ಒಳಕ್ಕೆ ಗ್ರೀಸ್ ಒತ್ತುವ ದಾರಿಯೇ ಇಲ್ಲ. ಒಳಗೆ ತಂತಿ ಜಾರಲೆಂದು ಪ್ಲಾಸ್ಟಿಕ್ಕಿನ ನುಣುಪು ಒಳಪದರ ಕೊಟ್ಟಿರುತ್ತಾರೆ, ಅದು ಗ್ರೀಸನ್ನು ಕೇಳುವುದೇ ಇಲ್ಲ. ತುದಿಗೆ ಮೆತ್ತಿದ ಗ್ರೀಸು ತುದಿಯಲ್ಲೇ ಉಳಿಯುತ್ತದೆ, ಧೂಳು ಹಿಡಿಯುತ್ತದೆ, ನಾಳೆ ಅದೇ ಅಂಟು. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿದರೆ ಎರಡು ಮೂರು ದಿನ ಲಿವರ್ ಹಗುರಾದಂತೆ ಕಾಣುವುದುಂಟು. ಆ ಎರಡು ಮೂರು ದಿನವೇ ಎಲ್ಲಕ್ಕಿಂತ ಕೆಟ್ಟದ್ದು. ಕಾಯಿಲೆ ಹಾಗೇ ಇದೆ, ಅದನ್ನು ಹೇಳುತ್ತಿದ್ದ ಬಿಗಿತ ಮಾತ್ರ ಹೋಗಿದೆ. ಚಾಲಕ ನಂಬಿ ಜನರನ್ನು ತುಂಬಿಕೊಳ್ಳುತ್ತಾನೆ. ಒಳಗೆ ತಂತಿಯ ಎಳೆ ಒಂದೊಂದಾಗಿ ಕಡಿಯುತ್ತಾ ಬಂದು, ಒಂದು ದಿನ ಹೊಳೆಯ ನಡುವೆ ಲಿವರ್ ಪೂರ್ತಿ ಹಗುರಾಗಿಬಿಡುತ್ತದೆ. ಅದು ಫ್ರೀ ಆದದ್ದಲ್ಲ, ಕೇಬಲ್ ತುಂಡಾದದ್ದು.

“ನಮ್ದು ಸಿಹಿನೀರು, ಸಮುದ್ರ ಅಲ್ಲ, ತುಕ್ಕು ಎಲ್ಲಿಂದ ಬರಬೇಕು?” ಎಂಬ ವಾದವೂ ಇದೆ. ಉಪ್ಪಿಲ್ಲ, ನಿಜ. ತುಂಗಭದ್ರೆಯ ಹೂಳು ಮರೆತಿರಾ? 1953ರಲ್ಲಿ ಮುಗಿದ ಜಲಾಶಯಕ್ಕೆ ಆಗ ಸುಮಾರು 133 ಟಿಎಂಸಿ ಹಿಡಿಯುವ ಶಕ್ತಿಯಿತ್ತು, ಈಗ ಲೆಕ್ಕದಲ್ಲಿರುವುದು 105.788. ನಡುವೆ ಹೋದದ್ದೆಲ್ಲ ಹೂಳಿನ ಪಾಲು. ಇಷ್ಟು ಮಣ್ಣು ಹೊತ್ತು ತರುವ ಹೊಳೆಯ ನೀರು ಬಿರುಕುಬಿಟ್ಟ ಕವಚದೊಳಗೆ ಹೊಕ್ಕರೆ ನುಣ್ಣನೆಯ ಮಣ್ಣನ್ನೂ ಒಳಗೆ ಬಿಟ್ಟುಹೋಗುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಬೋಟು ದಡದಲ್ಲಿ ನಿಂತಾಗ ಆ ಮಣ್ಣು ಒಣಗಿ ಗಟ್ಟಿಯಾಗುತ್ತದೆ. ಜತೆಗೆ ನಮ್ಮ ಬಿಸಿಲು: ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ರಬ್ಬರ್ ಕೊಳವೆ ಒಣಗಿ ಸೀಳುತ್ತದೆ. ಆ ಕೊಳವೆ ಹರಿದರೆ ಗೇರ್ ಕೆಡುವುದಷ್ಟೇ ಅಲ್ಲ, ಆ ದಾರಿಯಲ್ಲಿ ನೀರು ಬೋಟಿನೊಳಗೂ ಬರುತ್ತದೆ. ಲಿವರ್ ಬಿಗಿಯಾಯಿತೆಂದು ನೋಡಲು ಹೋದವನಿಗೆ ಬೋಟು ಮುಳುಗಿಸಬಲ್ಲ ಸೀಳು ಸಿಗಬಹುದು. ಗ್ರೀಸ್ ಮೆತ್ತಿ ಎದ್ದುಹೋದವನಿಗೆ ಅದು ಕಾಣುವುದಿಲ್ಲ.

ಇನ್ನು “ಜೋರಾಗಿ ಜಗ್ಗು” ಎಂಬ ಸಲಹೆ. ಆಲ್ಫಾ ಡ್ರೈವಿನ ಕೆಳಭಾಗದಲ್ಲಿರುವುದು ಡಾಗ್ ಕ್ಲಚ್. ಮುಂದಕ್ಕೊಂದು, ಹಿಂದಕ್ಕೊಂದು ಹಲ್ಲುಚಕ್ರ ವಿರುದ್ಧ ದಿಕ್ಕಿಗೆ ಸದಾ ತಿರುಗುತ್ತಿರುತ್ತವೆ. ನಡುವೆ ಫ್ಯಾನಿನ ಶಾಫ್ಟಿಗೆ ಕೂಡಿದ ಒಂದು ತುಂಡು ಅತ್ತ ಅಥವಾ ಇತ್ತ ಸರಿದು ಯಾವುದಾದರೊಂದರ ದಪ್ಪ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ವೇಗ ಸಮ ಮಾಡುವ ಏರ್ಪಾಡಿಲ್ಲ. ಹಾಗಾಗಿ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ, ತಡವರಿಸದೆ, ಒಂದೇ ಏಟಿಗೆ ಗೇರ್ ಹಾಕಬೇಕು. ಮೆಲ್ಲಗೆ ಒತ್ತುತ್ತಾ ಹೋದರೆ ಹಲ್ಲಿನ ಅಂಚುಗಳು ಕಿರ್ರೆಂದು ಸವೆಯುತ್ತವೆ. ಎಂಜಿನ್ ಜೋರಿನಲ್ಲಿರುವಾಗ ಹಾಕಿದರೆ ಅಂಚುಗಳು ಮುಕ್ಕಾಗುತ್ತವೆ. ಅಂಚು ದುಂಡಗಾದ ಹಲ್ಲು ಆಮೇಲೆ ಭಾರ ಬಿದ್ದಾಗಲೆಲ್ಲ ಜಾರುತ್ತದೆ. ಲಿವರ್ ಚುರುಕಾಗಿ ಹೋಗಬೇಕಾದ ಇಂಥ ಯಂತ್ರಕ್ಕೆ ಬಿಗಿ ಕೇಬಲ್ ಜೋಡಿಸಿಟ್ಟರೆ ಪ್ರತಿ ಗೇರಿಗೂ ಹಲ್ಲು ಸವೆಯುತ್ತದೆ. ತೋಳ್ಬಲ ಇದಕ್ಕೆ ಉತ್ತರವಲ್ಲ, ಚಾಲಕನ ಬಲವೆಲ್ಲ ಕೇಬಲ್ಲಿನ ಉಜ್ಜಾಟದಲ್ಲೇ ಕಳೆದುಹೋಗುತ್ತದೆ.

ದಡದಲ್ಲಿ ನಡೆಯುವ ಇನ್ನೊಂದು ತಪ್ಪಂತೂ ಸಂಕಟ ತರುತ್ತದೆ. ಬೋಟನ್ನು ಮೇಲೆ ಎಳೆದು, ಎಂಜಿನ್ ಆರಿಸಿ, “ನೋಡ್ರಿ ಎಷ್ಟು ಟೈಟು” ಎಂದು ಲಿವರ್ ಅಲ್ಲಾಡಿಸುತ್ತಾರೆ. ಎಂಜಿನ್ ನಿಂತಾಗ ಹಲ್ಲಿಗೆ ಹಲ್ಲು ಅಡ್ಡ ನಿಂತಿದ್ದರೆ ಹೊಚ್ಚಹೊಸ ಡ್ರೈವಿನಲ್ಲೂ ಗೇರ್ ಬೀಳದು. ಒಬ್ಬರು ಫ್ಯಾನನ್ನು ಕೈಯಿಂದ ತಿರುಗಿಸುತ್ತಿದ್ದರೆ ಇನ್ನೊಬ್ಬರ ಲಿವರ್ ಸಲೀಸಾಗಿ ಕೂರುತ್ತದೆ. ಆ ಎರಡನೆಯ ಕೈ ಇಲ್ಲದೆ ಇಬ್ಬರು ಸೇರಿ ಲಿವರನ್ನೇ ಜಗ್ಗಿದರೆ ಕೇಬಲ್ಲಿನ ತುದಿ ಬಾಗುತ್ತದೆ, ಒಳಗಿನ ಜೋಡಣೆ ತಿರುಚುತ್ತದೆ. ಇಲ್ಲದ ರೋಗವನ್ನು ಹುಡುಕಿ ಹೋದವರು ಹೊಸದೊಂದನ್ನು ತಂದಿಡುತ್ತಾರೆ.

ನನಗೆ ಹೆಚ್ಚು ಸಿಟ್ಟು ಬರುವುದು ಮುಂದಿನ ಹಂತದ ಬಗ್ಗೆ. ಆಲ್ಫಾದಲ್ಲಿ ಭಾರ ಹೊತ್ತ ಡಾಗ್ ಕ್ಲಚ್ ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲವೆಂದು ಶಿಫ್ಟ್ ಪ್ಲೇಟಿನ ಮೇಲೆ ಸಣ್ಣ ಸ್ವಿಚ್ ಇಟ್ಟಿದ್ದಾರೆ. ನ್ಯೂಟ್ರಲ್‌ಗೆ ಬರುವಾಗ ಕೇಬಲ್ ಮೇಲೆ ಒತ್ತಡ ಹೆಚ್ಚಿದರೆ ಅದು ಕ್ಷಣಮಾತ್ರ ಎಂಜಿನ್ನಿನ ಕಿಡಿ ತಪ್ಪಿಸುತ್ತದೆ. ಭಾರ ಇಳಿಯುತ್ತದೆ, ಹಲ್ಲು ಬಿಡುತ್ತದೆ, ಕಿಡಿ ಮರಳುತ್ತದೆ. ಕೆಳಗಿನ ಕೇಬಲ್ ಬಿಗಿಯಾದರೆ ಆ ಒತ್ತಡ ಇಳಿಯುವುದೇ ಇಲ್ಲ, ಸ್ವಿಚ್ ಒತ್ತಿಕೊಂಡೇ ಇರುತ್ತದೆ, ದಡಕ್ಕೆ ಬರುವಷ್ಟರಲ್ಲಿ ಎಂಜಿನ್ ಆಫ್. ಈಗ ಸಲಹೆಗಳ ಸಾಲು ಬರುತ್ತದೆ. “ಐಡ್ಲಿಂಗ್ ಕಮ್ಮಿ ಐತಿ, ಏರಿಸ್ರಿ.” ನಿಮಿಷಕ್ಕೆ 600–700 ಸುತ್ತಿನಲ್ಲಿರಬೇಕಾದ ಎಂಜಿನ್ನನ್ನು ಸಾವಿರದ ಹತ್ತಿರಕ್ಕೆ ಏರಿಸುತ್ತಾರೆ. ಎಂಜಿನ್ ಆಫ್ ಆಗುವುದು ನಿಲ್ಲುತ್ತದೆ, ಗೇರ್ ಹಾಕಿದಾಗಲೆಲ್ಲ ಢಬ್ ಎಂಬ ಸದ್ದು ಶುರುವಾಗುತ್ತದೆ. ಆಮೇಲೆ ಇನ್ನೊಬ್ಬರು ಬಂದು ಸ್ವಿಚ್ಚಿನ ವೈರನ್ನೇ ಕಿತ್ತುಬಿಡುತ್ತಾರೆ. ಈಗ ಹಲ್ಲು ಬಿಡಲು ದಾರಿಯೇ ಇಲ್ಲ, ಲಿವರ್ ಫಾರ್ವರ್ಡ್‌ನಲ್ಲಿ ಕಚ್ಚಿಕೊಳ್ಳುತ್ತದೆ. ಕೊನೆಗೆ ತೀರ್ಪು: “ಗೇರ್‌ಬಾಕ್ಸೇ ಹೋಗೈತಿ.” ಹೌದು, ಅಷ್ಟು ಹೊತ್ತಿಗೆ ಅದು ನಿಜವಾಗಿಯೂ ಹೋಗಿರುತ್ತದೆ. ಒಂದು ಕೇಬಲ್ಲಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಇಡೀ ಡ್ರೈವಿನ ಖರ್ಚಾಗಿ ಮಾಲೀಕನ ತಲೆ ಮೇಲೆ ಬೀಳುತ್ತದೆ. ಅವನು ಶಪಿಸುವುದು ಬೋಟನ್ನು, ಸಲಹೆ ಕೊಟ್ಟವರನ್ನಲ್ಲ.

ಹಾಗಾದರೆ ಏನು ಮಾಡಬೇಕು? ಬಿಗಿತ ಎಲ್ಲಿದೆ ಎಂದು ದಾರಿಯನ್ನು ತುಂಡು ತುಂಡಾಗಿ ನೋಡಬೇಕು. ಶಿಫ್ಟ್ ಪ್ಲೇಟಿನಿಂದ ಕೆಳಗಿನ ಕೇಬಲ್ ಕಳಚಿ ಲಿವರ್ ಆಡಿಸಿ. ಆಗಲೂ ಬಿಗಿಯಾಗಿದ್ದರೆ ತೊಂದರೆ ಚಾಲಕನ ಕಡೆಗಿದೆ: ಮೇಲಿನ ಕೇಬಲ್, ಇಲ್ಲವೇ ಲಿವರಿನ ಪೆಟ್ಟಿಗೆ. ಕೇಬಲನ್ನು ಪೆಟ್ಟಿಗೆಯಿಂದಲೂ ಬಿಡಿಸಿದರೆ ಇವೆರಡರಲ್ಲಿ ಯಾವುದು ಎಂದು ಗೊತ್ತಾಗುತ್ತದೆ. ಪೆಟ್ಟಿಗೆಯ ಕೀಲುಗಳಿಗೆ ಬೇಕಾದರೆ ಗ್ರೀಸ್ ಹಾಕಿ, ಅಲ್ಲಿ ಅದರ ಜಾಗವಿದೆ. ಕೇಬಲ್ ಎಲ್ಲಾದರೂ ಸೀಟಿನ ಕೆಳಗೆ ಮಡಚಿಕೊಂಡಿದೆಯೇ ನೋಡಿ, 8 ಇಂಚಿಗಿಂತ ಕಿರಿದಾದ ತಿರುವು ಅದಕ್ಕೆ ಆಗದು. ಕಳಚಿದ ಮೇಲೆ ಲಿವರ್ ಹಗುರಾದರೆ ತೊಂದರೆ ಹಿಂದಿದೆ. ಡ್ರೈವನ್ನು ಫಾರ್ವರ್ಡ್‌ಗೆ ಹಾಕಿ, ಆರು ನಟ್ ಬಿಚ್ಚಿ ಹೊರತೆಗೆದು, ಕೆಳಗಿನ ಕೇಬಲನ್ನು ಒಂಟಿಯಾಗಿ ಕೈಯಲ್ಲಿ ಜಗ್ಗಿ ನೋಡಿ. ಎರಡು ಬೆರಳಲ್ಲಿ ಜಾರದಿದ್ದರೆ ಅದನ್ನು ಬದಲಿಸಿ, ಜತೆಗೆ ರಬ್ಬರ್ ಕೊಳವೆಯನ್ನೂ. ಕೇಬಲ್ ಜಾರಿದರೆ ಮಾತ್ರ ಡ್ರೈವಿನ ಒಳಗೆ ಕೈಹಾಕುವ ಮಾತು. ಮರ್ಕ್ರೂಸರಿನದೇ ಬ್ರಾವೊ ಮಾದರಿಯಲ್ಲಿ ಕ್ಲಚ್ ಶಂಕುವಿನಾಕಾರದ್ದು, ಮೇಲ್ಭಾಗದಲ್ಲಿರುತ್ತದೆ, ಆ ಕಿಡಿ ತಪ್ಪಿಸುವ ಸ್ವಿಚ್ಚಿನ ಗೊಡವೆಯೂ ಅಲ್ಲಿಲ್ಲ. ಆದರೆ ಹುಡುಕುವ ಕ್ರಮ ಇದೇ. ಕೈಯಲ್ಲಿ ಹಿಡಿದು ನಡೆಸುವ ಸಣ್ಣ ಔಟ್‌ಬೋರ್ಡಿನಲ್ಲಿ ಉದ್ದ ಕೇಬಲ್ ಬದಲು ರಾಡು ಇರುತ್ತದೆ, ಅದರ ಕೀಲಿಗೆ ಗ್ರೀಸ್ ಬೇಕು. ಅಲ್ಲೂ ಮೊದಲು ನೋಡು, ಆಮೇಲೆ ಹಾಕು. ಮೊದಲ ಪರೀಕ್ಷೆಗೆ ಅರ್ಧ ಗಂಟೆಯೂ ಬೇಡ, ಒಂದು ಸ್ಪ್ಯಾನರ್ ಸಾಕು.

ಇಷ್ಟು ಹೇಳಿದ ಮೇಲೂ ಕೊನೆಯ ಕೋಟೆಯಂತೆ ಒಂದು ಮಾತು ಉಳಿಯುತ್ತದೆ: “ಹಳೇ ಗಾಡಿ, ಹಂಗೇ ಇರ್ತೈತಿ ಬಿಡ್ರಿ.” ಈ ಭಾಗದವರು, ಅದರಲ್ಲೂ ಹೊಸಪೇಟೆಯವರು, ಈ ಮಾತನ್ನು ಇನ್ನು ಆಡಬಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ 60 ಅಡಿ ಅಗಲ, 20 ಅಡಿ ಎತ್ತರದ ಗೇಟು ಕೊಚ್ಚಿಹೋಯಿತು. ಜಲಾಶಯ ಆಗ ತುಂಬಿತ್ತು. ಆ ಒಂದು ಕಿಂಡಿಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ಹೊಳೆಗೆ ಲಕ್ಷ ಕ್ಯೂಸೆಕ್ ಬಿಡಬೇಕಾಯಿತು. ನಾಲ್ಕು ಜಿಲ್ಲೆಯ ರೈತರು ತಮ್ಮ ಬೆಳೆಯ ನೀರು ಕಣ್ಣೆದುರೇ ಹರಿದುಹೋಗುವುದನ್ನು ನೋಡಿದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿಗೇ ಸ್ಟಾಪ್‌ಲಾಗ್ (ತಾತ್ಕಾಲಿಕ ತಡೆಗೇಟು) ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಸೋರಿಕೆ ನಿಲ್ಲಿಸಿದ ಕಾರ್ಮಿಕರ ಧೈರ್ಯಕ್ಕೆ ತಲೆಬಾಗಬೇಕು. ಆದರೆ ಆ ವಾರವೆಲ್ಲ ಊರಿನ ಬಾಯಲ್ಲಿದ್ದ ಮಾತೇನು? “ಎಪ್ಪತ್ತು ವರ್ಷದ ಡ್ಯಾಮು, ಏನ್ಮಾಡೋದು.” ಯಂತ್ರವನ್ನು ವಯಸ್ಸು ಒಂದೇ ಮುರಿಯುವುದಿಲ್ಲ. ತುಕ್ಕು, ಸವೆತ, ಮತ್ತೆ ಮತ್ತೆ ಬೀಳುವ ಎಳೆತ ಮುರಿಯುತ್ತವೆ. ವಯಸ್ಸು ಹೇಳುವುದು ಇಷ್ಟೇ: ಇನ್ನು ಮೇಲೆ ಹೆಚ್ಚು ಸಲ, ಹೆಚ್ಚು ಹತ್ತಿರದಿಂದ ನೋಡಿ. ಮರುವರ್ಷ ಜಲಾಶಯದಲ್ಲಿ 80 ಟಿಎಂಸಿಗೆ ಸಂಗ್ರಹ ಮಿತಿಗೊಳಿಸಬೇಕಾಗಿ ಬಂತು. ಇನ್ನೂ ಕೆಲವು ಗೇಟುಗಳು ಸಲೀಸಾಗಿ ಎತ್ತಲು ಇಳಿಸಲು ಬರುತ್ತಿಲ್ಲವೆಂಬ ಸುದ್ದಿಯೂ ಆಗಲೇ ಹೊರಬಿತ್ತು. ಗೇಟಾಗಲಿ ಬೋಟಾಗಲಿ, ಚಲಿಸಬೇಕಾದ ಭಾಗ ಬಿಗಿಯಾಯಿತೆಂದರೆ ಅದು ತಪಾಸಣೆಗೆ ಬಂದ ಕರೆ. ಹಳೆಯದೆಂದು ಅದನ್ನು ಕ್ಷಮಿಸುವವರು ಅದು ಮುರಿದಾಗ ಆಗುವ ನಷ್ಟವನ್ನು ಬೇರೆಯವರ ಮೇಲೆ ಹೊರಿಸುತ್ತಾರೆ.

ದುಡ್ಡಿನ ವಾದವನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಬಿಡಿಭಾಗ ಹೊಸಪೇಟೆಯಲ್ಲಿ ಕೈಗೆ ಸಿಗುವಂಥದ್ದಲ್ಲ, ತರಿಸಬೇಕು, ಅಷ್ಟು ದಿನ ಬೋಟು ನಿಂತರೆ ದಿನಗೂಲಿ ನಿಲ್ಲುತ್ತದೆ. ಪ್ರವಾಸಿಗರ ಕಾಲ ಅಕ್ಟೋಬರಿನಿಂದ ಫೆಬ್ರವರಿ, ಬೇಗ ಮುಗಿದುಹೋಗುತ್ತದೆ. ಇದೆಲ್ಲ ನಿಜ. ಆದರೆ ಈ ನಿಜಗಳು ಕೇಬಲನ್ನು ಮೊದಲೇ ತರಿಸಿಟ್ಟುಕೊಳ್ಳಿ ಎನ್ನುತ್ತವೆ, ಗ್ರೀಸ್ ಮೆತ್ತಿ ಓಡಿಸಿ ಎನ್ನುವುದಿಲ್ಲ. ಚಾಲಕನನ್ನು ಈ ಲೆಕ್ಕದಲ್ಲಿ ದೂರುವುದೂ ನ್ಯಾಯವಲ್ಲ. ಲಿವರ್ ಬಿಗಿಯಾಗಿದೆ ಎಂದು ಮೊದಲು ತಿಳಿಯುವುದು ಅವನ ಕೈಗೆ. ಆ ಮಾತನ್ನು ಅವನು ಮಾಲೀಕನಿಗೆ ಹೇಳಿದಾಗ “ನಿನ್ನ ಕೈಯಾಗ ತಾಕತ್ತಿಲ್ಲೇನು” ಎಂದು ಬಾಯಿ ಮುಚ್ಚಿಸುತ್ತಾರೆ. ಮುಂದಿನ ಸಲ ಅವನು ಹೇಳುವುದಿಲ್ಲ, ಜಗ್ಗುತ್ತಾನೆ.

ಈ ಹೊಳೆಯಲ್ಲಿ ಕೈಯ ಅರಿವಿಗೆ ಹಿಂದಿನಿಂದಲೂ ಬೆಲೆಯಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಗೆ ದಾಟಿಸುತ್ತಿದ್ದ ದುಂಡನೆಯ, ಬುಟ್ಟಿಯಂಥ, ಚರ್ಮ ಹೊದಿಸಿದ ದೋಣಿಗಳ ಬಗ್ಗೆ ಬರೆದಿದ್ದಾನೆ. 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಆನೆಗೊಂದಿ ಸೇತುವೆ ಕುಸಿದ ಮೇಲೂ ತಳವಾರಘಟ್ಟದಲ್ಲಿ ಜನರನ್ನು ದಾಟಿಸಿದ್ದು ಹರಿಗೋಲು. ಹರಿಗೋಲು ನಡೆಸುವವನ ಹುಟ್ಟಿಗೆ ಸೆಳೆತದ ಸಣ್ಣ ಬದಲಾವಣೆಯೂ ತಿಳಿಯುತ್ತದೆ, ತಿಳಿದ ಕೂಡಲೇ ಅವನು ದಾರಿ ಬದಲಿಸುತ್ತಾನೆ. ಸೆಳೆತ ಜೋರಾಯಿತೆಂದು ಹೇಳಿದವನನ್ನು ಯಾರೂ ಕೈಲಾಗದವನು ಎನ್ನುವುದಿಲ್ಲ. ಮೋಟಾರು ಬಂದ ಮೇಲೆ ಅದೇ ಅರಿವು ಲಿವರಿನಲ್ಲಿ ಸಿಗುತ್ತಿರುವಾಗ ಅದನ್ನು ತಾಕತ್ತಿನ ಪ್ರಶ್ನೆ ಮಾಡಿದ್ದು ನಮ್ಮ ದೊಡ್ಡ ತಪ್ಪು.

2019ರ ಆಗಸ್ಟಿನಲ್ಲಿ ಜಲಾಶಯದಿಂದ ಬಿಟ್ಟ ನೀರು ವಿರೂಪಾಪುರ ಗಡ್ಡೆಯನ್ನು ಸುತ್ತುವರಿದಾಗ ನೂರಾರು ಪ್ರವಾಸಿಗರನ್ನು ಹೊರತಂದದ್ದು ಬೋಟುಗಳು, ಹೆಲಿಕಾಪ್ಟರುಗಳು. ಆ ಸೆಳೆತದಲ್ಲಿ ರಕ್ಷಣೆಗೆ ಹೋದ ಬೋಟೂ ಮಗುಚಿತು, ಅದರಲ್ಲಿದ್ದವರನ್ನೇ ರಕ್ಷಿಸಬೇಕಾಯಿತು. ಅಂಥ ದಿನ ಮತ್ತೆ ಬರುತ್ತದೆ. ಕಂಪ್ಲಿಯ ಸೇತುವೆಯೂ ಹೊಳೆ ಏರಿದಾಗಲೆಲ್ಲ ಮುಳುಗುತ್ತದೆ. ಆ ದಿನ ಬೋಟು ಬಂಡೆಗಳ ನಡುವೆ ಹೋಗುವಾಗ ನ್ಯೂಟ್ರಲ್ ಎಂದರೆ ನ್ಯೂಟ್ರಲ್ ಆಗಲೇಬೇಕು.

2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರದ ಬೋಟುಗಳಿಗೆ ನೋಂದಣಿಯನ್ನೂ ತಪಾಸಣೆಯನ್ನೂ ಕೇಳುತ್ತದೆ. ಲೈಫ್ ಜಾಕೆಟ್ ಎಣಿಸುವುದು ಸರಿ, ಎಣಿಸಲೇಬೇಕು. ಅದರ ಜತೆಗೆ ತಪಾಸಣೆಗೆ ಬಂದವರು ಎಂಜಿನ್ ಐಡ್ಲಿಂಗ್‌ನಲ್ಲಿಟ್ಟು ಲಿವರನ್ನು ತಮ್ಮ ಕೈಯಿಂದ ಮುಂದೆ ಹಿಂದೆ ಹಾಕಿ ನೋಡಬೇಕು, ಸ್ವಿಚ್ಚಿನ ವೈರ್ ಅದರ ಜಾಗದಲ್ಲಿದೆಯೇ ಎಂದು ಕೇಳಬೇಕು. ಬೋಟು ನಡೆಸಲು ಟೆಂಡರ್ ಕೊಡುವವರು ಕೇಬಲ್ ಮತ್ತು ರಬ್ಬರ್ ಕೊಳವೆ ಬದಲಿಸಿದ ದಿನಾಂಕವನ್ನು ಷರತ್ತಿನಲ್ಲೇ ಬರೆಸಿಕೊಳ್ಳಬೇಕು. ಬಿಗಿ ಲಿವರಿನ ದೂರು ಕೊಟ್ಟ ಚಾಲಕನ ಆ ದಿನದ ಕೂಲಿಯನ್ನು ಮಾಲೀಕ ಕೊಡಬೇಕು. ಇದಕ್ಕೆಲ್ಲ ಬೇರೆ ಬಿಡುವು ಹುಡುಕುವ ಅಗತ್ಯವೂ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಡ್ಯಾಮಿನಿಂದ ನೀರು ಹೆಚ್ಚು ಬಿಟ್ಟಾಗ ಹಂಪಿಯ ಘಟ್ಟದಲ್ಲಿ ಬೋಟು ಹೇಗೂ ನಿಲ್ಲುತ್ತದೆ. ಆ ದಿನಗಳಲ್ಲಿ ಡ್ರೈವ್ ಬಿಚ್ಚಿ, ಕೆಳಗಿನ ಕೇಬಲನ್ನು ಎರಡು ಬೆರಳಲ್ಲಿ ಜಗ್ಗಿ ನೋಡಿ. ಜಾರದಿದ್ದರೆ ಹೊಸದು ಬರುವ ತನಕ ಆ ಬೋಟು ದಡದಲ್ಲೇ ಇರಲಿ.